ಹನ್ನೆರಡು ಗಂಟೆ ಹದಿನಾರು ನಿಮಿಷ

ಶಾಲೆಯ ಗ್ಲೋಬಿನ ಕೀಲು ಮುರಿದು ಎರಡು ವರ್ಷ.
ಎಂಟನೆಯ ತರಗತಿ ಅದನ್ನು
ಕಾಲ್ಚೆಂಡು ಮಾಡುವ ಮೊದಲೇ
ಟವೆಲಿನಲ್ಲಿ ಸುತ್ತಿ, ಬಗಲಲ್ಲಿ ಅವಚಿ,
ಚೌಬಾರಾ ದಾಟಿ ಬಿದರಿ ಕೆಲಸದ ಗಲ್ಲಿಗೆ ಒಯ್ದೆ.

ಮುಸ್ತಜಾಬ್ ಸಾಹೇಬರು ಸುರಾಯಿಯೊಂದರ ಕೊರಳಿಗೆ
ಬೆಳ್ಳಿತಂತಿ ಕೂಡಿಸುತ್ತಿದ್ದರು.
ತಲೆಯೆತ್ತದೆ ಕೇಳಿದರು: "ಏನ್ ಟೀಚರ್, ಕಲ್ಲಂಗಡಿ?"
"ದುನಿಯಾ," ಅಂದೆ. "ಕೀಲು ಹೋಗ್ಯದ."

ಹೊಸ ಕೀಲಿಗೆ ಅರ ಹಾಕುವ ಮೊದಲು
ಅದನ್ನು ಮೊಮ್ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡರು.
"ನಮ್ಮೂರು ಎಲ್ಲದ?"
ಬೀದರನ್ನು ಯಾರೂ ಅಚ್ಚು ಹಾಕಿರಲಿಲ್ಲ.
ಹೈದರಾಬಾದಿನ ಎಡಕ್ಕೆ, ಸಾಸಿವೆಯಷ್ಟು ಮೇಲೆ
ಉಗುರಿಟ್ಟು ತೋರಿಸಿದೆ.

ಉಳಿಯ ಹಿಂಬದಿ ಅಲ್ಲಿಟ್ಟು
ನೇರ ಕೆಳಗೆ ಎಳೆದರು,
ಬಳ್ಳಿಯ ಕಾಂಡ ಎಳೆಯುವ ಹಾಗೆ, ಕೈ ನಡುಗದೆ:
ಬೆಂಗಳೂರನ್ನು ಸವರಿ, ಕನ್ಯಾಕುಮಾರಿ ದಾಟಿ,
ನೀಲಿ.
ಇನ್ನೂ ನೀಲಿ.
ಕೈ ಸೋಲುವಷ್ಟು ನೀಲಿ.
ಆಮೇಲೆ ಎರಡು ಚುಕ್ಕೆ,
ನೊಣ ಕೂತು ಎದ್ದುಹೋದ ಹಾಗೆ.

"ಇದು ಅಚ್ಚಿನ ತಪ್ಪೇನ್ರೀ?"

ಆ ರಾತ್ರಿ ಪುಸ್ತಕ ಹುಡುಕಿ, ಮರುದಿನ ಹೇಳಿದೆ:
ತಪ್ಪಲ್ಲ, ನಡುಗಡ್ಡೆಗಳು.
ಕೆಳಗಿನದು ಒಂದು ಬೆಂಕಿಬೆಟ್ಟ. ಅಂಚು ಒಂದು ಕಡೆ ಒಡೆದು
ಸಮುದ್ರ ಒಳಗೆ ಬಂದು ಕೂತಿದೆ.
("ಬಾಯಿ ಒಡೆದ ಬಟ್ಟಲು," ಅಂದರು. "ರಿಪೇರಿ ಆಗಂಗಿಲ್ಲ.")
ಊರಿಲ್ಲ. ಪೆಂಗ್ವಿನ್ನುಗಳಿವೆ.
ಹಿಂದೊಮ್ಮೆ ಸಿಗಡಿಯನ್ನು ಡಬ್ಬಿಗೆ ತುಂಬುವ ಕಾರ್ಖಾನೆ ಇತ್ತು.
ಕಾವಲಿಗೆ ಏಳು ಜನರನ್ನು ಬಿಟ್ಟುಹೋದ ಹಡಗು
ತಿಂಗಳುಗಟ್ಟಲೆ ತಡಮಾಡಿತು.
ಬಂದಾಗ ದಡದಲ್ಲಿ ಮೂವರು.

ಸುತ್ತಿಗೆ ನಿಂತಿತು.
"ಅವರಿಗೆ ನಾವು ಇಲ್ಲಿ ಇದ್ದೀವಿ ಅಂತ ಗೊತ್ತಿತ್ತೇನು?"

ಹೇಗೆ ಗೊತ್ತಿರುತ್ತದೆ. ನಮಗಾದರೂ
ಯಾರು ಹೇಳಿದ್ದರು, ಅವರಿಗೂ ನಮಗೂ
ಒಂದೇ ಗೀಟು, ಒಂದೇ ನಡುಹಗಲು ಎಂದು?
ಗೋಡೆಯ ಗಡಿಯಾರದ ಹನ್ನೆರಡು
ಮಿರ್ಜಾಪುರದ ಹನ್ನೆರಡು.
ಸೂರ್ಯ ಅಲ್ಲಿಂದ ಇಲ್ಲಿಗೆ ನಡೆದುಬರಲು
ಇಪ್ಪತ್ತು ನಿಮಿಷ ಬೇಕು,
ಮೇ ತಿಂಗಳಲ್ಲಿ ತುಸು ಬೇಗ ಹೊರಡುತ್ತಾನೆ.
ಮಸಿಗೈಯ ಸಬೀಹಾ ಒಳಗಿಂದ ನಕ್ಕಳು:
"ಹಂಗಾದ್ರ ಅಬ್ಬಾ, ಇಷ್ಟು ವರ್ಷ ನಾವು
ಮಿರ್ಜಾಪುರದವರ ಹಸಿವಿಗೆ ಉಂಡೀವಿ."

ಮೇ ಹನ್ನೆರಡು. ಅಂಗಳದ ನಡುವೆ ಸುರಾಯಿ ನಿಲ್ಲಿಸಿದೆವು.
ಕೋಟೆಯ ಹಳೆಗೋಡೆಗಳ ಒಳಗಿಂದ ತಂದ ಮಣ್ಣು,
ಮಳೆ ಕಾಣದ್ದು, ಬಿಸಿಲು ಕಾಣದ್ದು,
ನಾಲಿಗೆಗಿಟ್ಟು ಆರಿಸಿದ್ದು,
ನವಸಾಗರದ ಜೊತೆ ಕುದಿಸಿ ಕೊಟ್ಟ ಕಪ್ಪು.
ಆ ಕಪ್ಪಿನ ನೆತ್ತಿಗೆ ಈಗ
ಇಡೀ ಸೂರ್ಯ.

ನೆರಳು ಗೇಣಾಯಿತು, ಬೆರಳಾಯಿತು.
ಹಾಲಿನ ಹುಡುಗ ಸೈಕಲ್ ನಿಲ್ಲಿಸಿ
ಒಂದೊಂದೇ ಕಾಲೆತ್ತಿ ತನ್ನದನ್ನು ಹುಡುಕಿಕೊಂಡ.
ಹನ್ನೆರಡು ಗಂಟೆ ಹದಿನಾರು ನಿಮಿಷಕ್ಕೆ
ಅದು ಸುರಾಯಿಯ ಹೊಟ್ಟೆಯಡಿ ನುಸುಳಿ
ಕದ ಹಾಕಿಕೊಂಡಿತು.

"ಅಲ್ಲಿ, ಆ ಚುಕ್ಕೆಯಾಗ?"
"ಇದೇ ಗಳಿಗೆ. ಅಲ್ಲಿ ಚಳಿ ಶುರುವಾಗ್ಯದ,
ಸೂರ್ಯ ವಾಲ್ಯಾನ. ಒಬ್ಬ ಆಳು ನಿಂತರೆ
ಒಂದೂವರೆ ಆಳು ನೆರಳು."

ಸಾಹೇಬರು ಕೂತು, ಬರಿಯ ನೆಲವನ್ನು
ಅಂಗೈಯಿಂದ ಸವರಿದರು.
"ಮತ್ತೇನ್ ಟೀಚರ್, ನಮ್ದು ಅಲ್ಲಿಗೇ ಹೋಗ್ಯದ.
ಹೋಗ್ಲಿ ಬಿಡ್ರಿ.
ಆ ಏಳು ಮಂದಿಗೆ ಯಾರೂ ಹೋಗಿರಲಿಲ್ಲ."

ಹದಿನೆಂಟಕ್ಕೋ ಇಪ್ಪತ್ತಕ್ಕೋ,
ಸುರಾಯಿಯ ಮೂಡಣ ಮಗ್ಗುಲಲ್ಲಿ
ಕೂದಲೆಳೆಯಷ್ಟು ಕಪ್ಪು ಹೊರಗೆ ಇಣುಕಿತು.
ಸಬೀಹಾ ಬಗ್ಗಿ ಬೆರಳಿಟ್ಟು ನೋಡಿದಳು.

ಒದ್ದೆ ಇರಲಿಲ್ಲ.